ಮಂದಾಕಿನಿ ಕಿವುಡಿಯಾದ ಆರು ದಿನ

ಮಂದಾಕಿನಿ ಕಿವುಡಿಯಾದಳೆಂಬ ಸುದ್ದಿ ಜೇವರ್ಗಿ ತಾಲೂಕಿನ ನೆಂಟರ ಮನೆಗಳಲ್ಲೆಲ್ಲ ಹಬ್ಬಿದ ಹೊತ್ತಿಗೆ, ಆ ಮಂದಾಕಿನಿ ಸಂಭಾಜಿನಗರದ ಗಾರಖೇಡಾದ ಒಂದು ಬಾಡಿಗೆ ಮನೆಯಲ್ಲಿ ಮೊಣಕಾಲ ಕೆಳಗೆ ಎರಡು ದಿಂಬು ಇಟ್ಟುಕೊಂಡು ಮಲಗಿ, ಮೇಲಿನ ಮನೆಯವರು ಮಿಕ್ಸರಿನಲ್ಲಿ ಶೇಂಗಾ ಪುಡಿ ಮಾಡುವ ಸದ್ದನ್ನು ಕೇಳುತ್ತಿದ್ದಳು. ಅವಳ ಕಿವಿಗೆ ಏನೂ ಆಗಿರಲಿಲ್ಲ. ಆದದ್ದೆಲ್ಲ ಹೊಟ್ಟೆಗೆ. ಹೊಟ್ಟೆಯ ಸುದ್ದಿ ಕಿವಿಯ ಸುದ್ದಿಯಾಗಿ ಊರು ಸುತ್ತಿದ್ದಕ್ಕೆ ಒಂದು ಶಬ್ದ ಕಾರಣ, ಆ ಶಬ್ದಕ್ಕೆ ಅರ್ಥ ಹೇಳಿದ ಒಬ್ಬ ನಿವೃತ್ತ ಕನ್ನಡ ಮಾಸ್ತರ ಕಾರಣ. ಅದನ್ನು ಹೇಳುವ ಮೊದಲು ಹೊಟ್ಟೆಯ ಕಥೆ ಹೇಳಿಬಿಡಬೇಕು.

ಮಂದಾಕಿನಿಗೆ ನಲವತ್ತೊಂಬತ್ತು. ಹುಟ್ಟಿದ್ದು ಕಲಬುರಗಿ ಹತ್ತಿರದ ಶಹಾಬಾದಿನಲ್ಲಿ. ಇಪ್ಪತ್ತೈದಕ್ಕೆ ಮದುವೆಯಾಗಿ ನಾಶಿಕದ ಬಳಿಯ ಓಝರ್‌ಗೆ ಬಂದಳು. ಗಂಡ ರವಿಕಾಂತ ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್. ದಿನವಿಡೀ ವಿಮಾನದ ಹೊಟ್ಟೆಯೊಳಗೆ ತಲೆ ಹಾಕಿಕೊಂಡಿದ್ದು, ಮನೆಗೆ ಬಂದರೆ ಟೀವಿಯೊಳಗೆ ತಲೆ ಹಾಕುವ ಮನುಷ್ಯ. ಕೆಟ್ಟವನಲ್ಲ. ಮಂದಾಕಿನಿ ಅಂಚೆ ಇಲಾಖೆಯ ಪರೀಕ್ಷೆ ಪಾಸು ಮಾಡಿ ಕೆಲಸಕ್ಕೆ ಸೇರಿದಳು. ನಡುವೆ ನಾಲ್ಕು ವರ್ಷ ಲಾಸಲಗಾಂವ್‌ನಲ್ಲಿ, ಉಳಿದ ವರ್ಷಗಳೆಲ್ಲ ನಾಶಿಕದಲ್ಲಿ, ಕೌಂಟರಿನ ಗಾಜಿನ ಹಿಂದೆ ಕೂತು ಊರ ಜನರ ಸ್ಪೀಡ್ ಪೋಸ್ಟುಗಳಿಗೆ ಚೀಟಿ ಅಂಟಿಸಿದಳು.

ಮಗಳು ರುಚಿತಾ ಹುಟ್ಟಿದ ಮೇಲೆ ಥೈರಾಯ್ಡ್ ಬಂತು, ಮೈ ಬಂತು, ಬಂದ ಮೈ ಹೋಗಲಿಲ್ಲ. ನಲವತ್ತು ದಾಟುವ ಹೊತ್ತಿಗೆ ನೂರಾ ನಾಲ್ಕು ಕಿಲೋ. ಲಾಸಲಗಾಂವ್‌ನ ಕಚೇರಿಯಲ್ಲಿ ಅವಳಿಗೆ 'ದೋನ್ ಗೋಣಿ' ಎಂದು ಹೆಸರಿಟ್ಟಿದ್ದರು, ಎರಡು ಗೋಣಿಚೀಲ ಎಂದು. ಅಲ್ಲಿನ ಮಂಡಿಯಲ್ಲಿ ಈರುಳ್ಳಿಯ ಗೋಣಿ ಒಂದಕ್ಕೆ ಐವತ್ತು ಕಿಲೋ ತೂಗುತ್ತದೆ, ಹಾಗಾಗಿ ಹೆಸರಿಟ್ಟವನ ಅಂದಾಜು ತಪ್ಪಿರಲಿಲ್ಲ. ಆ ಹೆಸರಿಗೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಮಂದಾಕಿನಿಯೇ. ಮೊದಲು ತಾನೇ ನಕ್ಕುಬಿಟ್ಟರೆ ಉಳಿದವರ ನಗು ಅಷ್ಟು ತಾಗುವುದಿಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಾನಾಗಿ ಕಲಿತಿದ್ದಳು.

ಆಮೇಲೆ ಸಕ್ಕರೆ ಕಾಯಿಲೆ ಬಂದು ಡಾಕ್ಟರು ಹೆದರಿಸಿದರು. ಹೆದರಿದ ಮಂದಾಕಿನಿ ಅನ್ನ ಬಿಟ್ಟಳು, ವಾರಕ್ಕೊಂದು ಇಂಜೆಕ್ಷನ್ ಚುಚ್ಚಿಕೊಂಡಳು, ಬೆಳಗ್ಗೆ ಐದೂವರೆಗೆ ಎದ್ದು ಕಾಲೊನಿಯನ್ನು ಮೂರು ಸುತ್ತು ಹಾಕಿದಳು. ಎರಡು ವರ್ಷದಲ್ಲಿ ನಲವತ್ತೊಂದು ಕಿಲೋ ಇಳಿದಳು. ಕಾಲೊನಿಯ ಹೆಂಗಸರು ಬಾಯಿ ತುಂಬ ಹೊಗಳಿದರು. ಆದರೆ ಸೀರೆಯ ಒಳಗಿನದು ಅವರಿಗೆ ಗೊತ್ತಿರಲಿಲ್ಲ. ಮೈ ಹೋಗಿತ್ತು, ಮೈಯ ಚೀಲ ಹಾಗೇ ಉಳಿದಿತ್ತು. ಹಿಂಡದೆ ಹಗ್ಗಕ್ಕೆ ಹಾಕಿದ ಒದ್ದೆ ಬಟ್ಟೆಯ ಹಾಗೆ ಹೊಟ್ಟೆಯ ಚರ್ಮ ತೊಡೆಯ ಮೇಲೆ ಜೋತುಬಿದ್ದಿತ್ತು. ಮೆಟ್ಟಿಲು ಹತ್ತುವಾಗ ಒಂದು ಕೈಯಿಂದ ಅದನ್ನು ಎತ್ತಿ ಹಿಡಿದುಕೊಳ್ಳಬೇಕು. ಬೇಸಗೆಯಲ್ಲಿ ಮಡಿಕೆಯ ಕೆಳಗೆ ಕೆಂಪಗೆ ಹುಣ್ಣಾಗಿ, ನೀರೊಸರಿ, ನಾರುತ್ತಿತ್ತು. ಹಳೇ ಕಾಟನ್ ಸೀರೆ ಹರಿದು, ಮಡಚಿ, ಪೌಡರ್ ಹಾಕಿ, ಆ ಮಡಿಕೆಯೊಳಗೆ ಇಟ್ಟುಕೊಂಡು ಅವಳು ಎರಡು ಬೇಸಗೆ ಕೌಂಟರಿನಲ್ಲಿ ಕೂತಳು. ಗಾಜಿನಾಚೆ ನಿಂತವರಿಗೆ ನಾರುತ್ತಿದೆಯೇನೋ ಎಂಬ ಅನುಮಾನ ಅವಳನ್ನು ದಿನವಿಡೀ ಕಾಡುತ್ತಿತ್ತು.

ಕೊಯ್ಯಿಸಿಕೊಳ್ಳುವುದು ಎಂದು ತೀರ್ಮಾನಿಸಿದಾಗ ರವಿಕಾಂತ ಬೇಡ ಅನ್ನಲಿಲ್ಲ, ಹೂಂ ಅಂದ. ನಾಶಿಕದಲ್ಲಿ ಬೇಡ, ಕಾಲೊನಿಯವರೆಲ್ಲ ಹಣ್ಣು ಹಿಡಿದುಕೊಂಡು ನೋಡಲು ಬರುತ್ತಾರೆ ಎಂದು ಸಂಭಾಜಿನಗರ ಆಯಿತು. ರುಚಿತಾ ಅಲ್ಲಿ ಫಾರ್ಮಸಿ ಓದುತ್ತಾಳೆ, ಅವಳ ಬಾಡಿಗೆ ಮನೆ ಇದೆ. ಊರಿನವರಿಗೆ ಹರ್ನಿಯಾ ಎಂದು ಹೇಳುವುದೆಂದಾಯಿತು. ಗಟ್ಟಿಮುಟ್ಟಾದ ಹೆಂಗಸು ಹೊಟ್ಟೆಯ ಚರ್ಮ ತೆಗೆಸಿಕೊಂಡಳೆಂದರೆ ಈ ವಯಸ್ಸಿನಲ್ಲಿ ಇವಳಿಗೆಂಥ ಶೋಕಿ ಎನ್ನುತ್ತಾರೆ. ಹರ್ನಿಯಾ ಎಂದರೆ ಪಾಪ ಎನ್ನುತ್ತಾರೆ.

ಗುರುವಾರ ಬೆಳಗ್ಗೆ ಡಾಕ್ಟರು ಅವಳನ್ನು ನಿಲ್ಲಿಸಿ ಹೊಟ್ಟೆಯ ಮೇಲೆ ನೇರಳೆ ಪೆನ್ನಿನಿಂದ ಗೆರೆ ಎಳೆದರು. ಮಂದಾಕಿನಿ ಟ್ಯೂಬ್‌ಲೈಟ್ ನೋಡುತ್ತ ನಿಂತಿದ್ದಳು. ಮೈಮೇಲಿನದೆಲ್ಲ ತೆಗೆಯಿರಿ ಎಂದು ನರ್ಸ್ ಹೇಳಿದಾಗ ತಾಳಿ, ಬಳೆ ತೆಗೆದಳು. ಕೊರಳಿನ ಲಿಂಗದ ಕರಡಿಗೆಯನ್ನೂ ಬಿಚ್ಚಿ ಮಗಳ ಕೈಗೆ ಕೊಟ್ಟಳು. ರುಚಿತಾ ಅದನ್ನು ಜೀನ್ಸಿನ ಜೇಬಿಗೆ ಹಾಕಿಕೊಂಡಳು. ಅವಳ ಅಜ್ಜಿ, ರವಿಕಾಂತನ ತಾಯಿ, ನೋಡಿದ್ದರೆ ಅಲ್ಲೇ ಕುಸಿದು ಕೂರುತ್ತಿದ್ದಳು.

ತೆಗೆದ ಚರ್ಮ ಮೂರು ಕಿಲೋ ನಾಲ್ಕುನೂರು ಗ್ರಾಂ ತೂಗಿತಂತೆ. ಡಾಕ್ಟರು ಮರುದಿನ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಒಳ್ಳೆಯ ಸೈಜಿನ ಪಾರ್ಸೆಲ್ಲು ಎಂದಷ್ಟೇ ಮಂದಾಕಿನಿಗೆ ಅನ್ನಿಸಿತು. ಖುಷಿಯಾಗಬಹುದು, ಇಲ್ಲವೇ ಅಳು ಬರಬಹುದು ಎಂದುಕೊಂಡಿದ್ದಳು. ಎರಡೂ ಬರಲಿಲ್ಲ. ಈ ಸೊಂಟದಿಂದ ಆ ಸೊಂಟದವರೆಗೆ ಹೊಲಿಗೆ, ಎರಡು ಬದಿಗೆ ಎರಡು ನಳಿಕೆ, ನಳಿಕೆಯ ತುದಿಗೆ ಕೆಂಪು ನೀರು ತುಂಬುವ ಡಬ್ಬಿ, ಅದರ ಮೇಲೆ ಉಸಿರು ಕಟ್ಟುವಷ್ಟು ಬಿಗಿಯಾದ ಬೆಲ್ಟು. ನೆಟ್ಟಗೆ ನಿಲ್ಲುವ ಹಾಗಿಲ್ಲ, ಬೆನ್ನು ಬಾಗಿಸಿಯೇ ನಡೆಯಬೇಕು. ಹೊಕ್ಕುಳ ಕೂಡ ಹೊಸ ಜಾಗದಲ್ಲಿ ಕೂತಿತ್ತು. ಡಾಕ್ಟರು ಹೊಕ್ಕುಳದ ಕೆಳಗೆ ಬೆರಳಿನಿಂದ ಒತ್ತಿ, "ಹಾ ಭಾಗ್ ಬಧೀರ್ ರಾಹೀಲ್," ಅಂದರು. ಈ ಭಾಗ ಮರಗಟ್ಟಿದಂತಿರುತ್ತದೆ, ಆರು ತಿಂಗಳು, ಬಹುಶಃ ಒಂದು ವರ್ಷ. ಮಂದಾಕಿನಿ ತಲೆಯಾಡಿಸಿದಳು. ಹೊಟ್ಟೆಯ ಮೇಲೆ ಕೈಯಿಟ್ಟರೆ ಬಸ್ಸಿನಲ್ಲಿ ಪಕ್ಕ ಕೂತ ಯಾರದೋ ಮೈ ಮುಟ್ಟಿದ ಹಾಗಿತ್ತು. ಕೈಗೆ ಹೊಟ್ಟೆ ತಿಳಿಯುತ್ತಿತ್ತು, ಹೊಟ್ಟೆಗೆ ಕೈ ತಿಳಿಯುತ್ತಿರಲಿಲ್ಲ.

ಶನಿವಾರ ಮನೆಗೆ ಬಂದಳು. ಅಂದೇ ರಾತ್ರಿ ರವಿಕಾಂತ ಸೋಲಾಪುರಕ್ಕೆ ಹೋಗಿ, ಊರಿನಿಂದ ರೈಲಿನಲ್ಲಿ ಬಂದಿಳಿದ ತನ್ನ ತಾಯಿಯನ್ನು ಭಾನುವಾರ ಮಧ್ಯಾಹ್ನ ಕರೆತಂದು ಬಿಟ್ಟು, ಸೋಮವಾರ ಡ್ಯೂಟಿ ಇದೆಯೆಂದು ಅಂದೇ ಓಝರ್‌ಗೆ ಹಿಂತಿರುಗಿದ. ತಾಯಿ ರುಕ್ಮಿಣಿಬಾಯಿಗೆ ಎಪ್ಪತ್ನಾಲ್ಕು. ಗಂಡ ಸತ್ತ ಮೇಲೆ ಜೇವರ್ಗಿಯಲ್ಲಿ ತಮ್ಮನ ಮನೆಯ ಪಕ್ಕದಲ್ಲೇ ಇದ್ದಾಳೆ. ಬಾಯಿ ದೊಡ್ಡದು, ಕೈ ಚುರುಕು. ತಾನು ಗುಲ್ಬರ್ಗಾದಿಂದ ಔರಂಗಾಬಾದಿಗೆ ಬಂದೆ ಎಂದು ಎದುರುಮನೆಯವರಿಗೆ ಹೇಳಿದಳು. ಎರಡೂ ಊರಿಗೆ ಸರಕಾರ ಹೊಸ ಹೆಸರಿಟ್ಟಿದ್ದು ಅವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಸರಕಾರ ಅವಳನ್ನು ಕೇಳಿ ಇಟ್ಟಿರಲಿಲ್ಲ.

ಸಂಜೆ ಮಂದಾಕಿನಿ ನೋವಿನ ಮಾತ್ರೆ ನುಂಗಿ ನಿದ್ದೆ ಹೋಗಿದ್ದಾಗ ಅಜ್ಜಿ ಮೊಮ್ಮಗಳನ್ನು ವಿಚಾರಿಸಿದಳು. "ಡಾಕ್ಟರ್ ಏನಂದಾರವ್ವಾ?"

ರುಚಿತಾಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಆಡಲು ಹೋದರೆ ಅರ್ಧ ದಾರಿಯಲ್ಲಿ ಮರಾಠಿ ಬಂದು ಕೈ ಹಿಡಿಯುತ್ತದೆ. "ಸಗಳಾ ಠೀಕ್ ಅದ ಆಜಿ. ಫಕ್ತ ಮಮ್ಮಿ ಬಧೀರ ಆಗ್ಯಾಳ. ಆರು ತಿಂಗಳಾ ಹಂಗೇ ಇರ್ತದಂತ." ಎಲ್ಲ ಸರಿಯಿದೆ, ಹೊಟ್ಟೆ ಮಾತ್ರ ಮರಗಟ್ಟಿದೆ ಎನ್ನುವುದು ಅವಳ ಮನಸ್ಸಿನಲ್ಲಿತ್ತು. ಹೊಟ್ಟೆ ಎಂಬುದನ್ನು ಸೇರಿಸಲು ಮರೆತು, ಕಿವಿಗೆ ಹಾಡು ಕೇಳುವ ಬಿಳೀ ತುಂಡುಗಳನ್ನು ಸಿಕ್ಕಿಸಿಕೊಂಡು ಓದಲು ಕೂತಳು.

ರುಕ್ಮಿಣಿಬಾಯಿ ಗಾಬರಿಯಾಗಿ ಗ್ಯಾಲರಿಗೆ ಹೋಗಿ ತಮ್ಮ ಗೊಲ್ಲಾಳಪ್ಪನಿಗೆ ಫೋನ್ ಹಚ್ಚಿದಳು. ಗೊಲ್ಲಾಳಪ್ಪ ಮೂವತ್ತೈದು ವರ್ಷ ಕನ್ನಡ ಕಲಿಸಿದವನು. ಒಂದು ಶಬ್ದದ ಅರ್ಥ ಕೇಳಿದರೆ ಗೊತ್ತಿಲ್ಲ ಎಂದು ಹೇಳಿದ ದಾಖಲೆ ಅವನ ಸರ್ವಿಸ್ ಬುಕ್ಕಿನಲ್ಲಿ ಇಲ್ಲ.

"ಗೊಲ್ಲಾಳಾ, ಬಧೀರ ಅಂದ್ರ ಏನೋ?"

"ಬಧಿರ ಅಂದ್ರ ಕಿವುಡ, ಅಕ್ಕಾ. ಸಂಸ್ಕೃತದ ಶಬ್ದ. ಯಾಕ?"

"ಮಂದಾ ಬಧೀರ ಆಗ್ಯಾಳಂತೋ. ಆರು ತಿಂಗಳ ತನಕ."

ಗೊಲ್ಲಾಳಪ್ಪ ಅದಕ್ಕೂ ಕಾರಣ ಕೊಟ್ಟ. "ಎಚ್ಚರ ತಪ್ಪಸೋ ಔಷಧ ಜಾಸ್ತಿ ಆದ್ರ ನರಕ್ಕ ಹತ್ತತದಕ್ಕಾ. ಕಿವಿ ನರ ಬಾಳ ನಾಜೂಕು ಇರ್ತದ." ಮಾಸ್ತರ ವಿಜ್ಞಾನವನ್ನೂ ಹೇಳಿದ ಮೇಲೆ ಸಂಶಯಕ್ಕೆ ಜಾಗವಿರಲಿಲ್ಲ. ಮರಾಠಿಯಲ್ಲಿ ಡಾಕ್ಟರು ಹೇಳಿದ್ದೂ ಸರಿ, ಕನ್ನಡದಲ್ಲಿ ಮಾಸ್ತರ ಹೇಳಿದ್ದೂ ಸರಿ. ಮಧ್ಯದಲ್ಲಿ ಮಂದಾಕಿನಿ ಕಿವುಡಿಯಾದಳು.

ಸೋಮವಾರ ಬೆಳಗ್ಗೆ ರುಚಿತಾ ಕಾಲೇಜಿಗೆ ಹೋದ ಮೇಲೆ ಮಂದಾಕಿನಿ ಕಣ್ಣು ಬಿಟ್ಟಳು. ಮುಖದ ಮೇಲೆ ಅತ್ತೆಯ ಮುಖ ಬಾಗಿತ್ತು. ಅತ್ತೆ ಹೆಬ್ಬೆರಳನ್ನು ಬಾಯಿಯ ಕಡೆ ತಿರುಗಿಸಿ, ನಾಲ್ಕು ಮನೆಗೆ ಕೇಳುವಂತೆ, "ಚಾ! ಚಾ ಕುಡೀತಿ?" ಎಂದು ಕೂಗಿದಳು. ಮಂದಾಕಿನಿಯ ನಾಲಿಗೆ ಒಣಗಿ ಅಂಟಿಕೊಂಡಿತ್ತು. ತಲೆಯಾಡಿಸಿದಳು. ಅತ್ತೆ ಅಡುಗೆಮನೆಗೆ ಹೋಗುತ್ತ ಸಣ್ಣ ದನಿಯಲ್ಲಿ, "ಪಾಪ, ಕಿವಿ ಹ್ವಾದುವು ನೋಡು," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಗ ಮಂದಾಕಿನಿಗೆ ವಿಷಯ ತಿಳಿಯಿತು. ಬಧೀರ ಎಂಬ ಶಬ್ದ ಎಲ್ಲಿಂದ ಎಲ್ಲಿಗೆ ಹೋಗಿರಬಹುದೆಂದು, ಎರಡೂ ಭಾಷೆ ಬಲ್ಲ ಅವಳಿಗೆ ಹೊಳೆಯಲು ತಡವಾಗಲಿಲ್ಲ.

ಇಲ್ಲ ಅತ್ತಿ, ಕೇಳಸ್ತದ ಎಂದರೆ ಮುಗಿಯುತ್ತಿತ್ತು. ಆದರೆ ಅದನ್ನು ಹೇಳಿದರೆ ಬಧೀರದ ವಿವರ ಹೇಳಬೇಕು, ಬಧೀರ ಹೇಳಿದರೆ ಚರ್ಮದ ವಿಷಯ ಹೇಳಬೇಕು, ಹರ್ನಿಯಾದ ಸುಳ್ಳು ಬಿಚ್ಚಬೇಕು. ಅಷ್ಟಕ್ಕೆಲ್ಲ ಅವಳಲ್ಲಿ ಉಸಿರಿರಲಿಲ್ಲ. ಚಹಾ ಬಂತು, ಕುಡಿದಳು, ಗೋಡೆಯ ಕಡೆ ನೋಡುತ್ತ ಮಲಗಿದಳು. ಹತ್ತು ನಿಮಿಷ ಕಳೆಯುವುದರೊಳಗೆ ಈ ಕಿವುಡು ಬಲು ಆರಾಮದ ಜಾಗ ಎಂದು ಗೊತ್ತಾಯಿತು. ಕಿವುಡರನ್ನು ಯಾರೂ ಹ್ಯಾಂಗ ಅನಸ್ತದ ಎಂದು ಕೇಳುವುದಿಲ್ಲ. ರವಿಕಾಂತನದು ಮಾತ್ರ ದಿನಕ್ಕೆರಡು ಮೆಸೇಜು: ಈಗ ಖುಷಿ ಆಯ್ತಿಲ್ಲೋ? ಅವಳು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದಳು. ಸಂಜೆ ಮನೆಗೆ ಬರುವ ರುಚಿತಾ ಕಿವಿಯಲ್ಲಿ ಹಾಡು ತುಂಬಿಕೊಂಡಿರುತ್ತಿದ್ದಳು. ಅಜ್ಜಿ ಕೂಗುವುದು ಅವಳಿಗೆ ವಿಶೇಷ ಅನ್ನಿಸಲಿಲ್ಲ, ಅಜ್ಜಿ ಹುಟ್ಟಿದಾಗಿನಿಂದ ಕೂಗುತ್ತಿದ್ದಾಳೆ ಎಂದೇ ಅವಳ ತಿಳುವಳಿಕೆ.

ಒಬ್ಬಳೇ ಇರುವ ಹೆಂಗಸು ಗೋಡೆಯ ಜೊತೆ ಮಾತಾಡುತ್ತಾಳೆ. ರುಕ್ಮಿಣಿಬಾಯಿಗೆ ಇಲ್ಲಿ ಗೋಡೆಗಿಂತ ಒಳ್ಳೆಯ ಸೊಸೆ ಸಿಕ್ಕಿದ್ದಳು. ಸೋಮವಾರ ಕಸ ಗುಡಿಸುತ್ತ ಶುರು ಮಾಡಿದವಳು ಊಟದವರೆಗೆ ನಿಲ್ಲಿಸಲಿಲ್ಲ.

"ಹರ್ನಿಯಾ ಅಂತ ಹರ್ನಿಯಾ. ಗೊಲ್ಲಾಳಗ ಹರ್ನಿಯಾ ಆಗಿತ್ತು, ನಾಕ ಬೆರಳ ಕೊಯ್ದಿದ್ರು. ಇದು ಈ ಸೊಂಟದಿಂದ ಆ ಸೊಂಟಕ್ಕ ಅದ. ನನ್ನ ಮಗಗ ಸುಳ್ಳು ಹೇಳ್ಲಾಕೂ ಬರಂಗಿಲ್ಲ." ಒರೆಸುವ ಬಟ್ಟೆ ಹಿಂಡುತ್ತ ಮುಂದುವರಿಸಿದಳು. "ದೇವರು ಕೊಟ್ಟ ಹೊಟ್ಟಿ ಕೊಯ್ಸಿಕೊಂಡಾಳ. ಹಡದ ಹೊಟ್ಟಿ. ದಪ್ಪ ಇದ್ದಾಗರ ಮಾರಿ ಮ್ಯಾಲ ಒಂದ್ ಕಳಾ ಇತ್ತು. ಈಗ ಯಾರ ಮನ್ಯಾಗ ಬಂದು ಕುಂತೀನೋ ಅನಸ್ತದ." ಆಮೇಲೆ, ಚಪಾತಿ ಹಿಟ್ಟು ನಾದುತ್ತ: "ನಾ ಈ ಸಂಬಂಧ ಒಲ್ಲೆ ಅಂದಿದ್ದೆ. ನನ್ನ ತಂಗಿ ಮಗಳು ಜಯಮಾಲಾನ ತರಬೇಕಂತ ಇತ್ತು. ರವಿಕಾಂತನ ಅಪ್ಪ ಕಲತ ಹೆಣ್ಣು ಬೇಕಂದ. ಜಯಮಾಲಾ ಬಂದಿದ್ರ ಇನ್ನೊಂದ್ ಕೂಸರ ಆಗ್ತಿತ್ತು."

ಮಂದಾಕಿನಿ ಎಲ್ಲವನ್ನೂ ಕೇಳಿದಳು. ಇಪ್ಪತ್ನಾಲ್ಕು ವರ್ಷದಲ್ಲಿ ಜಯಮಾಲಾಳ ಹೆಸರು ಈ ಬಗೆಯಲ್ಲಿ ಕೇಳಿದ್ದು ಇದೇ ಮೊದಲು. ಎರಡು ತಿಂಗಳ ಹಿಂದೆ ಕೇಳಿದ್ದರೆ ಬಚ್ಚಲ ನಲ್ಲಿ ಬಿಟ್ಟುಕೊಂಡು ಅರ್ಧ ಗಂಟೆ ಅಳುತ್ತಿದ್ದಳು. ಈಗ ಡಾಕ್ಟರು ಬೆರಳಿನಿಂದ ಒತ್ತಿದಾಗ ಆದ ಹಾಗೆಯೇ ಆಯಿತು. ಒತ್ತುತ್ತಿದ್ದಾರೆಂದು ಗೊತ್ತು, ಅಷ್ಟೇ. ಹೊಟ್ಟೆಯ ನರಗಳ ಜೊತೆ ಇನ್ನೂ ಯಾವುದೋ ನರ ಕತ್ತರಿಸಿದರೇನೋ ಎಂದು ಅವಳು ಸುಮ್ಮನೆ ಯೋಚಿಸಿದಳು. ಆ ಯೋಚನೆಯೂ ಹೆದರಿಸಲಿಲ್ಲ.

ಮಂಗಳವಾರ ಮಧ್ಯಾಹ್ನದಿಂದ ಅತ್ತೆ ಯಾಕೋ ಸುಮ್ಮನಾದಳು. ಬೆನ್ನು ಒರೆಸಿದಳು, ನಳಿಕೆಯ ಡಬ್ಬಿ ಚೆಲ್ಲಿ ಎಷ್ಟು ತುಂಬಿತ್ತೆಂದು ಬೆರಳಿನಲ್ಲಿ ತೋರಿಸಿದಳು, ಗಂಜಿ ಕುಡಿಸಿದಳು. ಮಾತಿಲ್ಲ. ದಣಿದಿರಬೇಕು ಎಂದುಕೊಂಡಳು ಮಂದಾಕಿನಿ.

ಬುಧವಾರ ಮೂರು ಗಂಟೆಯ ಹೊತ್ತಿಗೆ ರುಕ್ಮಿಣಿಬಾಯಿ ಮಂಚದ ಪಕ್ಕ ನೆಲದ ಮೇಲೆ ಪೇಪರ್ ಹಾಸಿಕೊಂಡು ಮೆಂತೆ ಪಲ್ಲೆ ಬಿಡಿಸಲು ಕೂತಳು. ನೆಟ್ಟಗೆ ಕೂರಲಿಲ್ಲ, ಒಂದು ಕುಂಡೆಯ ಮೇಲೆ ಭಾರ ಹಾಕಿ ಓರೆಯಾಗಿ ಕೂತಳು. ಮುಖ ಪಲ್ಲೆಯ ಮೇಲಿತ್ತು.

"ಮಂದಾ," ಅಂದಳು. ದನಿ ಸಣ್ಣದಿತ್ತು. "ನಿನಗೇನು ಕೇಳಸಂಗಿಲ್ಲ. ಹೇಳಿಬಿಡ್ತೀನಿ. ಹದಿನಾರ್ ವರ್ಷ ಆತು ನನ್ನ ಗರ್ಭಚೀಲ ಕೆಳಗ ಜಾರಿ. ನಿಮ್ಮ ಮಾವ ತೀರಿದ ವರ್ಷ ಶುರು ಆತು. ಮೊದಲ ನಿಂಬಿಹಣ್ಣಿನಷ್ಟ ಇತ್ತು, ಕೆಮ್ಮಿದ್ರ ಹೊರಗ ಬರ್ತಿತ್ತು, ಮಲಗಿದ್ರ ಒಳಗ ಹೋಗ್ತಿತ್ತು. ಈಗ ತಾನಾಗಿ ಹೋಗಂಗಿಲ್ಲ. ಮುಂಜಾನಿ ಎದ್ದ ಕೂಡ್ಲೇ ಕೈಲೆ ಒಳಗ ದಬ್ಬಿ, ಅರಿವಿ ಕಟ್ಕೋತೀನಿ. ದೀಪಾವಳಿಗಿ ಬಂದಾಗೆಲ್ಲ ನಿನ್ನ ಹಳೀ ಕಾಟನ್ ಸೀರಿ ಒಯ್ತೀನಲ್ಲ, ಕೌದಿ ಹೊಲೀತೀನಂತ. ಎಲ್ಲಿ ಕೌದಿ? ಒಂದರ ಕೌದಿ ಕಂಡಿಯೇನು?"

ಪಲ್ಲೆಯ ದಂಟು ಮುರಿಯುವ ಸದ್ದು ಕೇಳುತ್ತಿತ್ತು.

"ಉಜ್ಜಿ ಉಜ್ಜಿ ಹುಣ್ಣ ಆಗ್ಯದ. ನಾರ್ತದ. ಮಂದಿ ಮನ್ಯಾಗ ಕೂಡ್ಲಾಕ ಹೆದರಿಕಿ. ಈಗ ಎರಡ ತಿಂಗಳಾತು, ರಕ್ತ ಕಾಣ್ಲಾಕತ್ತದ. ಈ ವಯಸ್ಸಿನ್ಯಾಗ ರಕ್ತ. ಯಾರಿಗಿ ಹೇಳ್ಲಿ? ಗೊಲ್ಲಾಳಗ ಹೇಳ್ಲ್ಯಾ? ಹೆತ್ತ ಮಗಗ ಹೇಳ್ಲ್ಯಾ?"

ಇಷ್ಟು ಹೇಳಿ ದಂಟುಗಳನ್ನು ಪೇಪರಿನಲ್ಲಿ ಸುತ್ತಿ, ಮಂಚದ ಕಾಲು ಹಿಡಿದು ಎದ್ದು ಹೋದಳು. ಮಂದಾಕಿನಿ ಗೋಡೆಯನ್ನೇ ನೋಡುತ್ತಿದ್ದಳು.

ಆ ಅರಿವೆ ಅವಳಿಗೆ ಗೊತ್ತು. ಎಷ್ಟು ಸಲ ತೊಳೆದರೆ ಕಾಟನ್ ಸೀರೆ ಮೆತ್ತಗಾಗುತ್ತದೆ, ಯಾವ ಸೀರೆಯ ಬಣ್ಣ ಹುಣ್ಣಿಗೆ ಉರಿಯುತ್ತದೆ, ಯಾವ ಬದಿಗೆ ಮಡಚಿದರೆ ಅಂಚು ಚುಚ್ಚುವುದಿಲ್ಲ, ಎಲ್ಲವೂ ಗೊತ್ತು. ಒಂದೇ ಕಪಾಟಿನ ಸೀರೆಗಳನ್ನು ಇಬ್ಬರೂ ಹರಿದುಕೊಂಡಿದ್ದರು, ಅವಳು ಓಝರ್‌ನಲ್ಲಿ, ಅತ್ತೆ ಜೇವರ್ಗಿಯಲ್ಲಿ. ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅನ್ನಿಸುತ್ತದೇನೋ ಎಂದು ಸಂಜೆಯವರೆಗೆ ಕಾದಳು. ಮಾತ್ರೆಯ ಹೊತ್ತಾಯಿತು, ನುಂಗಿದಳು.

ಅನ್ನಿಸದಿದ್ದರೂ ವಿಷಯ ಸ್ಪಷ್ಟವಿತ್ತು. ಮುಟ್ಟು ನಿಂತು ಇಪ್ಪತ್ತೈದು ವರ್ಷದ ಮೇಲೆ ರಕ್ತ ಕಾಣುವುದು ಒಳ್ಳೆಯದಲ್ಲ ಎಂದು ತಿಳಿಯಲು ಫಾರ್ಮಸಿ ಓದಬೇಕಿಲ್ಲ. ಭಾನುವಾರ ಬೆಳಗ್ಗೆ ರವಿಕಾಂತ ಬಂದು ತಾಯಿಯನ್ನು ಸೋಲಾಪುರದಲ್ಲಿ ರೈಲು ಹತ್ತಿಸುತ್ತಾನೆ. ಒಮ್ಮೆ ಜೇವರ್ಗಿಗೆ ಹೋದಳೆಂದರೆ ಮುಗಿಯಿತು, ರುಕ್ಮಿಣಿಬಾಯಿ ತಾನಾಗಿ ಯಾವ ದವಾಖಾನೆಯ ಮೆಟ್ಟಿಲೂ ಹತ್ತುವವಳಲ್ಲ. ಇದು ಗೊತ್ತಿರುವವಳು ಲೋಕದಲ್ಲಿ ಮಂದಾಕಿನಿ ಒಬ್ಬಳೇ. ಹೇಳಬೇಕೆಂದರೆ ಕೇಳಿಸಿತೆಂದು ಒಪ್ಪಬೇಕು. ಬುಧವಾರದ್ದನ್ನು ಒಪ್ಪಿದರೆ ಸೋಮವಾರದ್ದನ್ನೂ ಒಪ್ಪಬೇಕು, ಜಯಮಾಲಾಳನ್ನೂ ಸೇರಿಸಿ. ಮುದುಕಿ ನಾಚಿಕೆಯಿಂದ ಸತ್ತೇ ಹೋಗುತ್ತಾಳೆ. ಹೀಗೆ ಮಂದಾಕಿನಿ ಸುಮ್ಮನಿರಲು ಕಾರಣಗಳನ್ನು ಒಂದೊಂದಾಗಿ ಜೋಡಿಸಿಕೊಂಡಳು. ಜೋಡಿಸಿಕೊಳ್ಳುವಾಗಲೇ ಅವು ನೆಪಗಳೆಂದು ಅವಳಿಗೆ ಗೊತ್ತಿತ್ತು.

ಗುರುವಾರ ರುಚಿತಾ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಳು. ನಳಿಕೆ ತೆಗೆದರು. ಡಾಕ್ಟರು ಹತ್ತಿಯ ತುಂಡಿನಿಂದ ಹೊಟ್ಟೆಯ ಮೇಲೆ ಸವರಿ, "ಕಳ್ತಂಯ್ ಕಾ?" ಎಂದು ಕೇಳಿದರು, ತಿಳಿಯುತ್ತಿದೆಯಾ ಎಂದು. ಮಂದಾಕಿನಿ ಇಲ್ಲ ಎಂದಳು. ಬೇರೆ ಏನಾದರೂ ತೊಂದರೆ ಇದೆಯಾ ಎಂದರು. ಮಂದಾಕಿನಿ ಅದಕ್ಕೂ ಇಲ್ಲ ಎಂದಳು. ಹೊರಗೆ ಎರಡನೇ ಬಾಗಿಲಿಗೆ ಹೆಂಗಸರ ಡಾಕ್ಟರ ಹೆಸರಿನ ಹಲಗೆಯಿತ್ತು, ಬೆಂಚಿನ ಮೇಲೆ ಐದಾರು ಹೆಂಗಸರು ಚೀಟಿ ಹಿಡಿದು ಕೂತಿದ್ದರು. ಬೆನ್ನು ಬಾಗಿಸಿಕೊಂಡು ಆ ಬಾಗಿಲನ್ನು ದಾಟಿ ಬಂದಳು.

ಶುಕ್ರವಾರ ಗೊಲ್ಲಾಳಪ್ಪನ ಫೋನು. ರುಕ್ಮಿಣಿಬಾಯಿಗೆ ಸ್ಪೀಕರ್ ಹಾಕಿ ಮಾತಾಡುವ ರೂಢಿ. "ಅಕ್ಕಾ, ಕಿವಿ ಮಷೀನು ಸರಕಾರದಿಂದ ಪುಕ್ಕಟ ಕೊಡ್ತಾರ. ಮಂದಾನ ಆಧಾರ್ ಕಾರ್ಡಿನ ಫೋಟೋ ಕಳಸಲಾಕ ಹೇಳು. ಊರಾಗ ಎಲ್ಲಾರೂ ಬಾಳ ಮರಗ್ಲಾಕತ್ತಾರ."

"ಆತೋ," ಎಂದಳು ಅಕ್ಕ. "ಬಂದ ಮ್ಯಾಲ ನೋಡೋಣು." ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿ ಪೂರ್ತಿ ಬಿಟ್ಟು ಬಹಳ ಹೊತ್ತು ಏನೋ ಒಗೆದಳು. ಹೊರಗೆ ಬಂದಾಗ ಅವಳ ಮುಖ ಬಿಳಿಚಿಕೊಂಡಿತ್ತು. ಸಂಜೆ ತನ್ನ ಎರಡು ಸೀರೆ, ವಿಭೂತಿ ಗಟ್ಟಿ, ತಮ್ಮನ ಮನೆಗೆಂದು ತರಿಸಿದ ನಾಶಿಕದ ಚಿವಡಾ ಎಲ್ಲವನ್ನೂ ಕೈಚೀಲಕ್ಕೆ ತುಂಬಿದಳು.

ಮಂದಾಕಿನಿ ಮಾತಾಡಿದ್ದು ಶನಿವಾರ. ಮನಸ್ಸು ಕರಗಿ ಮಾತಾಡಿದಳೆಂದರೆ ಸುಳ್ಳಾಗುತ್ತದೆ. ಇಪ್ಪತ್ತೆರಡು ವರ್ಷದ ಕೌಂಟರಿನ ಅಭ್ಯಾಸ ಅವಳನ್ನು ಮಾತಾಡಿಸಿತು. ಕಿಟಕಿಯೊಳಗೆ ಬಂದ ಲಕೋಟೆಯನ್ನು ಒಮ್ಮೆ ತೆಗೆದುಕೊಂಡ ಮೇಲೆ ಮುಂದಕ್ಕೆ ಕಳಿಸಲೇಬೇಕು. ಕೊಟ್ಟವರು ಬೇಕಾದವರಾ ಬೇಡದವರಾ, ಅಂದು ನಿನ್ನ ಮನಸ್ಸು ಸರಿಯಿತ್ತಾ ಇಲ್ಲವಾ ಎಂದು ಇಲಾಖೆ ಕೇಳುವುದಿಲ್ಲ. ಬುಧವಾರ ಮೂರು ಗಂಟೆಗೆ ತಾನು ಅದನ್ನು ತೆಗೆದುಕೊಂಡಾಗಿದೆ ಎಂದು ಶನಿವಾರ ಬೆಳಗ್ಗೆ ಹಲ್ಲುಜ್ಜುವಾಗ ಅವಳಿಗೆ ಅನ್ನಿಸಿತು.

ಹತ್ತು ಗಂಟೆಗೆ ಅತ್ತೆ ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಹಿಂದೆ ನಿಂತು ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಳು. ರುಚಿತಾ ಲ್ಯಾಬಿಗೆ ಹೋಗಿದ್ದಳು.

"ಅತ್ತಿ, ನನಗ ಕೇಳಸ್ತದರಿ," ಎಂದಳು ಮಂದಾಕಿನಿ. ದನಿ ಕೌಂಟರಿನದೇ ಆಗಿತ್ತು, ಮುಂದಿನವರು ಬನ್ನಿ ಎನ್ನುವ ದನಿ. "ಮೊದಲಿಂದನೂ ಕೇಳಸ್ತಿತ್ತರಿ. ನಂದು ಹರ್ನಿಯಾನೂ ಅಲ್ಲ. ನಾಳಿ ಊರಿಗಿ ಹೋಗಬ್ಯಾಡ್ರಿ. ಸೋಮವಾರ ನನ್ನ ಜೋಡಿ ದವಾಖಾನಿಗಿ ಬರ್ರಿ. ಅಲ್ಲಿ ಹೆಣ್ಣ ಡಾಕ್ಟರ್ ಅದಾರ. ಮಗಗ ಏನ್ ಹೇಳ್ಬೇಕೋ ನಾ ಹೇಳ್ತೀನಿ."

ಬಾಚಣಿಗೆ ನಿಂತಿತು. ಮಂದಾಕಿನಿ ಬೈಗುಳಕ್ಕೆ ಕಾದಳು. ಅಳುವಿಗೆ ಕಾದಳು. ಬಾಚಣಿಗೆ ಮತ್ತೆ ಇಳಿಯಿತು, ನಿಧಾನಕ್ಕೆ, ಸಿಕ್ಕು ಬಿಡಿಸುತ್ತ.

"ಗೊತ್ತದ," ಎಂದಳು ರುಕ್ಮಿಣಿಬಾಯಿ.

"ಹರ್ನಿಯಾ ಅಲ್ಲಂತಾರಿ?"

"ಕೇಳಸ್ತದಂತ. ಮಂಗಳವಾರನ ತಿಳೀತು. ನಮ್ಮತ್ತಿ ಹನ್ನೊಂದ್ ವರ್ಷ ಕಿವುಡಿ ಇದ್ಲು, ನಾನೇ ಮಾಡೀನಿ ಆಕಿದೆಲ್ಲಾ. ಕಿವುಡರು ಮಾತಾಡೋರ ಬಾಯಿ ನೋಡ್ತಾರ ಮಂದಾ. ನೀ ಗ್ವಾಡಿ ನೋಡ್ತಿದ್ದಿ."

ಮಂದಾಕಿನಿ ತಿರುಗಲು ಹೋದಳು. ಹೊಲಿಗೆ ಎಳೆಯಿತು, ಆಗಲಿಲ್ಲ. "ಮತ್ತ ಬುಧವಾರ, ಕೇಳಸಂಗಿಲ್ಲಂತ ಅಂದ್ರಲ್ಲರಿ?"

"ಹಂಗ ಅನ್ನಲಿಲ್ಲಂದ್ರ ನನ್ನ ಬಾಯಿಂದ ಮಾತ ಬರ್ತಿದ್ದಿಲ್ಲ. ನಿನಗ ಕೇಳಸ್ಲಿ ಅಂತನ ಹೇಳೀನಿ. ಖರೇನ ಕಿವುಡಿ ಇದ್ದೋಳ ಮುಂದ ಹೇಳ್ಕೊಂಡು ನಾ ಏನ್ ಮಾಡ್ಲಿ?"

ಕೂದಲನ್ನು ಮೂರು ಎಳೆ ಮಾಡಿ, ಹೆಣೆದು, ತುದಿಗೆ ರಬ್ಬರು ಹಾಕಿದಳು. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, ದೂರಿನ ದನಿಯಿಲ್ಲದೆ, ಲೋಕದ ಯಾವ ಮಾತನ್ನಾದರೂ ಆಡುವ ಹಾಗೆ ಆಡಿದಳು.

"ನಾ ಹೇಳಿದ್ದು ಬುಧವಾರ. ಇವತ್ತ ಶನಿವಾರ."

ಮಂದಾಕಿನಿಗೆ ನಾಚಿಕೆಯಾಯಿತು. ಕಿವಿಯ ಬುಡದಿಂದ ಕೊರಳವರೆಗೆ ಬಿಸಿಯಾಗುವಷ್ಟು ನಾಚಿಕೆಯಾಯಿತು. ಆಪರೇಷನ್ ಆದಂದಿನಿಂದ ಅವಳಿಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು.